ಮೇಲಿನ ಮನೆಯ ಕುಕ್ಕರ್ ಎಷ್ಟು ಕೂಗಿತು?

ನಮ್ಮ ಚಿತ್ರದುರ್ಗದಲ್ಲಿ ಅಪಾರ್ಟ್‌ಮೆಂಟ್ ಅಂದರೆ ಬೆಂಗಳೂರಿನ ಹಾಗೆ ಹದಿನೈದು ಅಂತಸ್ತು, ಲಿಫ್ಟು, ಈಜುಕೊಳ, ಗೇಟಿನಲ್ಲಿ ಸಲ್ಯೂಟ್ ಹೊಡೆಯುವ ಸೆಕ್ಯುರಿಟಿ ಅಂದುಕೊಳ್ಳಬೇಡಿ. ಮೂವತ್ತು-ನಲವತ್ತರ ಸೈಟು. ಕೆಳಗೊಂದು ಮನೆ, ಮೇಲೆರಡು, ಅದರ ಮೇಲೆ ಶೀಟು ಹೊದಿಸಿದ ಒಂದು ಸಿಂಗಲ್ ರೂಮು. ಹೊರಗೋಡೆಗೆ ಅಂಟಿಕೊಂಡ ಮೆಟ್ಟಿಲು, ಗೇಟಿಗೆ ನೇತುಬಿದ್ದ 'ಮನೆ ಬಾಡಿಗೆಗಿದೆ' ಬೋರ್ಡು. ಜೆ.ಸಿ.ಆರ್. ಬಡಾವಣೆಗೆ ಹೋಗಿ, ಐ.ಯು.ಡಿ.ಪಿ. ಲೇಔಟಿಗೆ ಹೋಗಿ, ಕೆಳಗೋಟೆಗೆ ಹೋಗಿ, ಇದೇ ನಕ್ಷೆ. ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಯಲ್ಲೂ ಮೇಸ್ತ್ರಿಗಳ ತಲೆಯಲ್ಲಿರುವುದು ಇದೊಂದೇ. ಓನರು ಕೆಳಗೆ, ಬಾಡಿಗೆಯವರು ಮೇಲೆ; ಇಲ್ಲವೇ ಬಾಡಿಗೆಯವರು ಕೆಳಗೆ, ಓನರು ಮೇಲೆ. ಯಾರು ಯಾರ ತಲೆಯ ಮೇಲೆ ಓಡಾಡುತ್ತಾರೆ ಅನ್ನುವುದರ ಮೇಲೆ ಯಾರಿಗೆ ನಿದ್ದೆ ಅನ್ನುವುದು ತೀರ್ಮಾನವಾಗುತ್ತದೆ.

ನಾನು ಕೆಳಗಿನವನು. ಮೇಲೆ ಏನು ನಡೆಯುತ್ತಿದೆ ಎಂದು ತಿಳಿಯಲು ನಾನು ಏನೂ ಮಾಡಬೇಕಾಗಿಲ್ಲ. ಬೆಳಗಿನ ಜಾವ ಸಂಪಿನ ಮೋಟರು ಹಾಕಿದ್ದು, ಹಾಕಿದವರು ಮರೆತದ್ದು, ಟ್ಯಾಂಕು ತುಂಬಿ ಸುರಿದದ್ದು, ಯಾರು ಮರೆತರೆಂದು ಗಂಡಹೆಂಡತಿ ವಿಚಾರಣೆ ನಡೆಸಿದ್ದು ಎಲ್ಲ ನನ್ನ ಹಾಸಿಗೆಗೇ ಬಂದು ತಲುಪುತ್ತದೆ. ಕುಕ್ಕರ್ ಮೂರು ಕೂಗಿದರೆ ಅನ್ನ, ಆರು ಕೂಗಿದರೆ ಬೇಳೆ, ಹತ್ತು ದಾಟಿದರೆ ಅವತ್ತು ಭಾನುವಾರ. ಕಿವಿ ಇನ್ನೂ ಸ್ವಲ್ಪ ಪಳಗಿದರೆ ಸೊಸೆ ಯಾವ ಕಡೆಯವಳು ಅಂತಲೂ ಹೇಳಬಹುದು. ನಮ್ಮ ಜಿಲ್ಲೆ ಮುದ್ದೆಗೂ ರೊಟ್ಟಿಗೂ ನಡುವಿನ ಗಡಿಯಲ್ಲವೇ? ದಾವಣಗೆರೆ ಕಡೆಯವಳಾದರೆ ತಟತಟ ಎಂದು ರೊಟ್ಟಿ ಬಡಿಯುವ ಸದ್ದು. ಹಿರಿಯೂರು ಕಡೆಯವಳಾದರೆ ಪಾತ್ರೆಯ ತಳಕ್ಕೆ ಮುದ್ದೆ ಕೋಲು ತಿಕ್ಕುವ ಸದ್ದು. 2022ರ ಸೆಪ್ಟೆಂಬರ್‌ನಲ್ಲಿ ಮಾರಿಕಣಿವೆ ಜಲಾಶಯ 89 ವರ್ಷದ ಮೇಲೆ ಕೋಡಿ ಬಿತ್ತಲ್ಲ, ಇಡೀ ಜಿಲ್ಲೆ ಬುತ್ತಿ ಕಟ್ಟಿಕೊಂಡು ನೋಡಲು ಹೋಯಿತಲ್ಲ, ಆ ಸುದ್ದಿಯನ್ನು ನಾನು ಕೇಳಿದ್ದು ಮೇಲಿನ ಮನೆಯ ಟಿವಿಯಲ್ಲಿ. ನಮ್ಮನೆಯಲ್ಲಿ ಟಿವಿ ಹಾಕುವ ಅಗತ್ಯ ಅಷ್ಟಾಗಿ ಬೀಳುವುದಿಲ್ಲ.

ಇದರಲ್ಲಿ ಕಷ್ಟವಿರುವುದು ಕೇಳಿಸುವುದರಲ್ಲಿ ಅಲ್ಲ, ಕೇಳಿಸಲಿಲ್ಲ ಎಂದು ನಟಿಸುವುದರಲ್ಲಿ. ಮೊನ್ನೆ ಬಟ್ಟೆ ಒಣಹಾಕುತ್ತಿದ್ದ ಪಕ್ಕದ ಮನೆಯಾಕೆ ಕಾಂಪೌಂಡಿನ ಮೇಲೆ ಕೈಯೂರಿ ಶುರುಮಾಡಿದರು.

"ಅಣ್ಣಾ, ರಾತ್ರಿ ಮೇಲಿನೋರ ಮನೇಲಿ ಏನೋ ಗಲಾಟೆ ಇತ್ತಲ್ಲ?"

"ಹೌದೇನಮ್ಮ? ನನಗೇನೂ ಕೇಳಿಸಲಿಲ್ಲ."

"ನನಗೂ ಕೇಳಿಸಲಿಲ್ಲ ಬಿಡಿ. ಹುಡುಗನ ಕಡೆಯೋರು ಕಾರು ಕೇಳ್ಯಾರಂತೆ, ಅದೂ ಕೇಳಿಸಲಿಲ್ಲ. ಕೊಡಲ್ಲ ಅಂತ ಇವರು ಫೋನ್ ಇಟ್ಟರಂತೆ, ಅದೂ ಇಲ್ಲ."

ಹೀಗೆ ಇಬ್ಬರಿಗೂ ಕೇಳಿಸದ ವಿಷಯದ ಬಗ್ಗೆ ಬಟ್ಟೆ ಒಣಗುವವರೆಗೆ ಮಾತಾಡಿದೆವು.

ಈ ಗೋಡೆಗಳಿಗೆ ಏನಾಗಿದೆ ಅಂತ ಒಬ್ಬ ಪರಿಚಿತ ಎಂಜಿನಿಯರನ್ನು ಹಿಡಿದು ಕೇಳಿದೆ. ದೊಡ್ಡಪೇಟೆ, ಬುರುಜನಹಟ್ಟಿ ಕಡೆಯ ಹಳೇ ಮಾಳಿಗೆ ಮನೆಗಳು ನಿಮಗೆ ಗೊತ್ತು. ಕಲ್ಲು-ಮಣ್ಣಿನ ದಪ್ಪ ಗೋಡೆ. ಗೋಡೆಯಲ್ಲೇ ಗೂಡು ಕೊರೆದು ದೀಪ, ದೇವರು, ಎಲೆಯಡಿಕೆ ತಟ್ಟೆ ಎಲ್ಲ ಇಡುತ್ತಿದ್ದರು. ಅಷ್ಟಾದ ಮೇಲೂ ಪಕ್ಕದ ಮನೆಗೆ ತಲುಪಲು ಇನ್ನೊಂದು ಮೊಳ ಗೋಡೆ ಬಾಕಿ ಇರುತ್ತಿತ್ತು. ಸದ್ದನ್ನು ತಡೆಯುವುದು ತೂಕ ಅಂದರು ಆ ಎಂಜಿನಿಯರ್. ಗೋಡೆಯ ತೂಕ ಇಮ್ಮಡಿಯಾದರೆ ಸುಮಾರು 6 ಡೆಸಿಬಲ್ ಹೆಚ್ಚಿಗೆ ತಡೆಯುತ್ತದಂತೆ. ಈಗಿನ ಮೇಸ್ತ್ರಿ ಹೇಳುವುದೇನು? "ನಾಲ್ಕಿಂಚಿನ ಬ್ಲಾಕ್ ಸಾಕು ಸಾರ್, ರೂಮಿಗೆ ಜಾಗ ಉಳಿಯುತ್ತೆ." ಉಳಿಯುತ್ತದೆ, ನಿಜ. ಆ ಉಳಿದ ಜಾಗದಲ್ಲಿ ಪಕ್ಕದ ಮನೆಯವರ ಸಂಸಾರ ಬಂದು ಕೂರುತ್ತದೆ.

ಸರ್ಕಾರಕ್ಕೆ ಇದು ಗೊತ್ತಿಲ್ಲ ಅಂತಲ್ಲ. ವಾಸದ ಕಟ್ಟಡಗಳಲ್ಲಿ ಸದ್ದು ತಡೆಯುವುದು ಹೇಗೆ ಎಂದು ಭಾರತೀಯ ಮಾನಕ ಸಂಸ್ಥೆ 1962ರಲ್ಲೇ ಒಂದು ಸಂಹಿತೆ ತಂದಿದೆ. ಒಬ್ಬರ ನಡುಮನೆಗೂ ಇನ್ನೊಬ್ಬರ ಮಲಗುವ ಕೋಣೆಗೂ ನಡುವೆ ಸುಮಾರು 50 ಡೆಸಿಬಲ್ ತಡೆ ಇರಬೇಕು ಅನ್ನುತ್ತದೆ ಅದು. ಎರಡೂ ಕಡೆ ಗಾರೆ ಮಾಡಿದ ಒಂಬತ್ತಿಂಚಿನ ಇಟ್ಟಿಗೆ ಗೋಡೆ ಹೆಚ್ಚುಕಮ್ಮಿ ಅಷ್ಟು ತಡೆಯುತ್ತದೆ. ನಾಲ್ಕೂವರೆ ಇಂಚಿನದು 45ರ ಆಸುಪಾಸು. 2016ರ ರಾಷ್ಟ್ರೀಯ ಕಟ್ಟಡ ಸಂಹಿತೆಯಲ್ಲೂ ಸದ್ದಿಗೇ ಒಂದು ಭಾಗವಿದೆ. ನಮ್ಮ ಕಡೆ ಪ್ಲಾನ್ ಪಾಸ್ ಮಾಡಿಸುವಾಗ ಈ ಪುಟವನ್ನು ಯಾರೂ ತೆರೆದದ್ದನ್ನು ನಾನು ಕಂಡಿಲ್ಲ. ಸೆಟ್‌ಬ್ಯಾಕ್ ಎಷ್ಟು ಬಿಟ್ಟಿದ್ದೀರಿ ಅಂತ ಕೇಳುತ್ತಾರೆ, ಅದನ್ನೂ ಬಿಡದಿದ್ದರೆ ಹೇಗೆ ಸರಿಮಾಡಿಕೊಳ್ಳಬೇಕು ಅಂತಲೂ ಹೇಳುತ್ತಾರೆ, ಗೋಡೆ ಎಷ್ಟು ಗುಟ್ಟು ಕಾಯುತ್ತದೆ ಅಂತ ಯಾರೂ ಕೇಳುವುದಿಲ್ಲ.

ಆದರೆ ಎಂಜಿನಿಯರ್ ಹೇಳಿದ ಇನ್ನೊಂದು ಮಾತು ನನಗೆ ಹೆಚ್ಚು ಹಿಡಿಸಿತು. ಸಾಮಾನ್ಯ ಮಾತುಕತೆ ಅಂದರೆ 60 ಡೆಸಿಬಲ್. ನಾಲ್ಕೂವರೆ ಇಂಚಿನ ಗೋಡೆ ದಾಟುವಷ್ಟರಲ್ಲಿ ಅದು ಫ್ಯಾನ್ ಸದ್ದಿನಲ್ಲಿ ಮುಳುಗಿಹೋಗಬೇಕು. ಹಾಗಿದ್ದರೂ ಮಾತು ಸ್ಪಷ್ಟವಾಗಿ ಕೇಳಿಸುತ್ತದೆ ಅಂದರೆ ಅದು ಗೋಡೆ ದಾಟಿ ಬಂದದ್ದಲ್ಲ, ಸಂದಿಯಲ್ಲಿ ನುಸುಳಿ ಬಂದದ್ದು. ಬಚ್ಚಲಿನ ವೆಂಟಿಲೇಟರು, ನಲ್ಲಿ ಪೈಪು ಇಳಿದು ಬರುವ ಡಕ್ಟು, ಬಾಗಿಲ ಕೆಳಗಿನ ಅರ್ಧ ಇಂಚು, ಎರಡು ಮನೆಯವರಿಗೂ ಬೆನ್ನಿಗೆ ಬೆನ್ನು ಕೊಟ್ಟು ಕೂರಿಸಿದ ಸ್ವಿಚ್ ಬೋರ್ಡು. ನೂರರಲ್ಲಿ ಒಂದು ಪಾಲು ತೂತಿದ್ದರೆ ಉಳಿದ ತೊಂಬತ್ತೊಂಬತ್ತು ಪಾಲು ಗೋಡೆ ಎಷ್ಟು ದಪ್ಪವಿದ್ದರೂ ದಂಡ.

ಈ ಪಾಠವನ್ನು ದುರ್ಗದವರಿಗೆ ಯಾರಾದರೂ ಹೇಳಿಕೊಡಬೇಕೆ? ಏಳು ಸುತ್ತಿನ ಕೋಟೆ ನಮ್ಮದು. ಆನೆ ಗುದ್ದಿದರೂ ಅಲುಗದ ಕಲ್ಲು. ಹೈದರಾಲಿಯ ಸೈನ್ಯಕ್ಕೆ ಸಿಕ್ಕಿದ್ದು ಒಬ್ಬ ಮನುಷ್ಯ ತೆವಳಿ ಬರುವಷ್ಟು ಒಂದು ಕಿಂಡಿ. ಕಹಳೆಯ ಮುದ್ದಹನುಮ ಊಟಕ್ಕೆ ಬಂದು ಕೂತಿದ್ದಾನೆ, ಹೆಂಡತಿ ಓಬವ್ವ ನೀರು ತರಲು ಹೋಗಿದ್ದಾಳೆ, ಆ ಕಿಂಡಿಯಲ್ಲಿ ಪಿಸುಪಿಸು ಸದ್ದು. ಶತ್ರು ಒಳಗೆ ಬರುವ ಮೊದಲೇ ಅವನ ಮಾತು ಒಳಗೆ ಬಂದಿತ್ತು. ಮುಂದಿನದು ನಿಮಗೆ ಗೊತ್ತು. 1972ರ 'ನಾಗರಹಾವು' ಚಿತ್ರದಲ್ಲಿ ಪುಟ್ಟಣ್ಣ ಕಣಗಾಲರು ಅದನ್ನು ತೋರಿಸಿದ ಮೇಲಂತೂ ಒನಕೆಯನ್ನು ಮರೆತವರಿಲ್ಲ. 2021ರಿಂದ ನವೆಂಬರ್ 11ರಂದು ಸರ್ಕಾರವೇ ಓಬವ್ವನ ಜಯಂತಿ ಮಾಡುತ್ತಿದೆ. ಎಲ್ಲ ಭಾಷಣದಲ್ಲೂ ಒನಕೆಯದೇ ಗುಣಗಾನ. ನನಗೇನೋ ಕಿವಿಗೂ ಅರ್ಧ ಪಾಲು ಕೊಡಬೇಕು ಅನ್ನಿಸುತ್ತದೆ. "ಬೇರೆಯವರ ಮಾತು ಕೇಳಿಸಿಕೊಳ್ಳಬಾರದು" ಎಂದು ಆಕೆ ಕೊಡ ತುಂಬಿಸಿಕೊಂಡು ಮನೆಗೆ ಹೋಗಿದ್ದರೆ ಕೋಟೆ ಹಿಡಿಯಲು 1779ರವರೆಗೂ ಕಾಯುವ ಅಗತ್ಯ ಹೈದರನಿಗೆ ಬೀಳುತ್ತಿರಲಿಲ್ಲವೇನೋ.

ಹಾಗೆ ನೋಡಿದರೆ ಸದ್ದು ಜೋರಾಗಿರುವುದು ತೊಂದರೆಯೇ ಅಲ್ಲ. ಹಿರಿಯೂರಿನಲ್ಲಿ ಹೈವೇ ಪಕ್ಕದ ಮನೆಯವರು ರಾತ್ರಿಯಿಡೀ ಲಾರಿ ಹಾರ್ನ್ ಕೇಳುತ್ತಾ ಗೊರಕೆ ಹೊಡೆಯುತ್ತಾರೆ. ಚಿಕ್ಕಜಾಜೂರು ಜಂಕ್ಷನ್ನಿನ ಪಕ್ಕದವರಿಗೆ ಗೂಡ್ಸ್ ಗಾಡಿ ಶಂಟಿಂಗ್ ಮಾಡುವುದು ಜೋಗುಳ. ಹೊಸದುರ್ಗದ ಗುಡ್ಡದ ಗಾಳಿಯಂತ್ರದ ಬುಡದಲ್ಲಿ ಕುರಿ ಮೇಯಿಸುವವನು ಮಧ್ಯಾಹ್ನ ಟವೆಲ್ ಹಾಸಿ ಮಲಗುತ್ತಾನೆ. ಇವರನ್ನೇ ತಂದು ನಮ್ಮನೆಯಲ್ಲಿ ಮಲಗಿಸಿ, ಮೇಲಿನ ಮನೆಯಲ್ಲಿ ಯಾರೋ ಮೆಲ್ಲಗೆ "ನಿನ್ನ ತಮ್ಮ ಆ ದುಡ್ಡು..." ಅಂತ ಅರ್ಧ ಮಾತಾಡಿ ನಿಲ್ಲಿಸಲಿ. ಎಚ್ಚರವಾಗುತ್ತದೆ. ಆ ದುಡ್ಡು ಏನಾಯಿತು? ತಮ್ಮ ಕೊಟ್ಟನೋ ಇಲ್ಲವೋ? ಪೂರ್ತಿ ಕೇಳಿದರೆ ಮರೆತು ಮಲಗಬಹುದು. ಅರ್ಧ ಕೇಳಿದ ಮಾತು ಬೆಳಗಿನವರೆಗೂ ಬಿಡುವುದಿಲ್ಲ. ಫೋನಿನಲ್ಲಿ ಮಾತಾಡುವವರ ಪಕ್ಕ ಕೂತರೆ ತಲೆ ಕೆಡುವುದೂ ಇದಕ್ಕೇ. ಅತ್ತ ಕಡೆಯ ಅರ್ಧವನ್ನು ನಾವೇ ಕಟ್ಟಿಕೊಳ್ಳಬೇಕು.

ಕಟ್ಟಡದ ನಿಜವಾದ ಬಣ್ಣ ತಿಳಿಯುವುದು ಕರೆಂಟ್ ಹೋದಾಗ. ಬೇಸಿಗೆಯ ಒಂದು ರಾತ್ರಿ ಎಂಟೂವರೆ ಹೊತ್ತು. ಸೆಕೆಗೆ ಎಲ್ಲರ ಕಿಟಕಿಯೂ ತೆರೆದಿದೆ. ಎಲ್ಲರ ಫ್ಯಾನೂ ಫುಲ್ ಸ್ಪೀಡು, ಎಲ್ಲರ ಟಿವಿಯಲ್ಲೂ ಧಾರಾವಾಹಿ. ಫಕ್ಕನೆ ಕರೆಂಟ್ ಹೋಯಿತು. ಅಷ್ಟೂ ಸದ್ದು ಒಟ್ಟಿಗೇ ನಿಂತಿತು. ಟಿವಿಯನ್ನು ಮೀರಿಸಲು ಏರಿಸಿದ್ದ ದನಿ ಮಾತ್ರ ಇಳಿಯಲು ಮರೆತು ಅಲ್ಲೇ ನಿಂತಿತ್ತು: "ನಿಮ್ಮಮ್ಮನಿಗೆ ಹೇಳಿಬಿಡ್ರಿ, ಈ ಸಲ ಹಬ್ಬಕ್ಕೆ ನಾನು ಬರೋದಿಲ್ಲ!" ಆ ಘೋಷಣೆ ಕತ್ತಲೆಯಲ್ಲಿ ಮೂರು ಮಹಡಿಗೂ ಸಮನಾಗಿ ಹಂಚಿಹೋಯಿತು. ಮೆಟ್ಟಿಲ ಮೇಲೆ ಯಾರೋ ಕೆಮ್ಮಿದರು. ಸಿಂಗಲ್ ರೂಮಿನ ಹುಡುಗ ನಕ್ಕದ್ದು ಕೇಳಿಸಿತು, ನಕ್ಕು ಬಾಯಿ ಮುಚ್ಚಿಕೊಂಡದ್ದೂ ಕೇಳಿಸಿತು. ಆಮೇಲೆ ಎಲ್ಲ ಮನೆಯಲ್ಲೂ ಪಿಸುಮಾತು. ಫ್ಯಾನು ತಿರುಗಿದ ಮೇಲೆಯೇ ಜನ ಮಾಮೂಲಿ ದನಿಗೆ ಬಂದದ್ದು. ನಮ್ಮ ಮಾನ ಕಾಯುತ್ತಿರುವುದು ಗೋಡೆಯಲ್ಲ, ಸೀಲಿಂಗ್ ಫ್ಯಾನು.

ಮಾರನೇ ದಿನ ಗೇಟಿನ ಹತ್ತಿರ ಆ ಮನೆಯ ಯಜಮಾನರು ಸಿಕ್ಕರು. "ಹಬ್ಬಕ್ಕೆ ಊರಿಗೆ ಹೋಗಲ್ವ ಸಾರ್?" ಎಂದು ಅವರೇ ನನ್ನನ್ನು ಕೇಳಿದರು. "ಹೋಗ್ತೀವಿ, ನೀವು?" ಅಂತ ತಿರುಗಿ ಕೇಳುವುದು ವಾಡಿಕೆ. "ಹೋಗ್ತೀವಿ" ಅಂದು ಸುಮ್ಮನಾದೆ. ನಾನು ಕೇಳದೆ ಬಿಟ್ಟದ್ದರಿಂದಲೇ ಅವರಿಗೆ ಎಲ್ಲ ಅರ್ಥವಾಯಿತು.

ಕಾನೂನು ಏನು ಹೇಳುತ್ತದೆ ಅಂತ ಕೇಳಬಹುದು. ನಿಮ್ಮ ಸದ್ದು ನನಗೆ ತೊಂದರೆ ಕೊಟ್ಟರೆ ಕಾನೂನಿದೆ. 2000ದ ಶಬ್ದ ಮಾಲಿನ್ಯ ನಿಯಮದ ಪ್ರಕಾರ ವಾಸದ ಪ್ರದೇಶದಲ್ಲಿ ಹಗಲು 55, ರಾತ್ರಿ ಹತ್ತರಿಂದ ಬೆಳಗ್ಗೆ ಆರರವರೆಗೆ 45 ಡೆಸಿಬಲ್ ಮಿತಿ. ಗಣಪತಿ ಪೆಂಡಾಲಿನ ಡಿಜೆಯೂ ಪಕ್ಕದ ಮನೆಯ ಹೋಂ ಥಿಯೇಟರೂ ಈ ನಿಯಮದ ಅಡಿಯಲ್ಲೇ ಬರುತ್ತವೆ. ಇನ್ನು ಕಣ್ಣಿನ ವಿಷಯದಲ್ಲಂತೂ ಇಂಗ್ಲಿಷರೇ ಯೋಚನೆ ಮಾಡಿದ್ದರು. 1882ರ ಈಸ್‌ಮೆಂಟ್ಸ್ ಕಾಯ್ದೆಯ 18ನೇ ಸೆಕ್ಷನ್ನಿನಲ್ಲಿ ಒಂದು ಉದಾಹರಣೆ ಇದೆ: ಊರಿನ ರೂಢಿ ಹಾಗಿದ್ದರೆ, ನೆರೆಮನೆಯ ಏಕಾಂತಕ್ಕೆ ಭಂಗ ಬರುವಂತೆ ಹೊಸ ಕಿಟಕಿ ಇಡುವ ಹಾಗಿಲ್ಲ. ಅಂದರೆ ನೀವು ನನ್ನನ್ನು ಇಣುಕಿ ನೋಡಿದರೆ ತಪ್ಪು, ನಿಮ್ಮ ಮಿಕ್ಸಿ ನನ್ನ ನಿದ್ದೆ ಕೆಡಿಸಿದರೂ ತಪ್ಪು. ನನ್ನ ಮಾತು ತಾನಾಗಿ ಬಂದು ನಿಮ್ಮ ಕಿವಿಗೆ ಬಿದ್ದರೆ? ಅದಕ್ಕೆ ಯಾವ ಪೊಲೀಸ್ ಸ್ಟೇಷನ್ನಿಗೆ ಹೋಗಿ ಏನಂತ ಬರೆದುಕೊಡುವುದು?

ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು 2017ರ ಆಗಸ್ಟ್ 24ರಂದು ಒಮ್ಮತದಿಂದ ಹೇಳಿದರು. ಆ ಮೊಕದ್ದಮೆಗೆ ಹೆಸರು ಕೊಟ್ಟವರು ನಮ್ಮವರೇ, ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಎಂಬತ್ತು ದಾಟಿದ ವಯಸ್ಸಿನಲ್ಲಿ, 2012ರಲ್ಲಿ, ಆಧಾರ್ ವಿರುದ್ಧ ಕೋರ್ಟಿಗೆ ಹೋದರು. ಅವರು ಅಷ್ಟು ಕಷ್ಟಪಟ್ಟು ಗೆದ್ದುಕೊಟ್ಟ ಹಕ್ಕನ್ನು ನಾವು ಏನು ಮಾಡುತ್ತಿದ್ದೇವೆ? ಸಿಂಗಲ್ ರೂಮಿನ ಹುಡುಗ ಬಾಲ್ಕನಿಯಲ್ಲಿ ನಿಂತು ಸಾಲದ ಏಜೆಂಟನಿಗೆ ತನ್ನ ಆಧಾರ್ ನಂಬರಿನ ಹನ್ನೆರಡೂ ಅಂಕಿಯನ್ನು ಬಿಡಿಬಿಡಿಯಾಗಿ, ಮಗ್ಗಿ ಒಪ್ಪಿಸುವ ಹಾಗೆ ಕೂಗಿ ಹೇಳುತ್ತಾನೆ. ಸಿಗ್ನಲ್ ಸರಿಯಿಲ್ಲ ಅಂತ ಎರಡನೇ ಸಲವೂ ಹೇಳುತ್ತಾನೆ. ಆಮೇಲೆ ಒಟಿಪಿ. ನಾನು ಒಳ್ಳೆಯವನಾದ್ದರಿಂದ ಅವನ ಬ್ಯಾಂಕಿನಲ್ಲಿ ಇನ್ನೂ ದುಡ್ಡಿದೆ.

ಕದ್ದು ಕೇಳುವುದರಲ್ಲಿ ಮನುಷ್ಯನಿಗೆ ಒಂದು ಸುಖ ಇಲ್ಲವೆಂದು ನಾನು ಹೇಳುವುದಿಲ್ಲ. ವಿಜಯಪುರದ ಗೋಲಗುಂಬಜ್‌ನಲ್ಲಿ ಟಿಕೆಟ್ ತೆಗೆದುಕೊಂಡು, ಮೆಟ್ಟಿಲು ಹತ್ತಿ ಮೊಣಕಾಲು ನೋಯಿಸಿಕೊಂಡು, ಸುಮಾರು 38 ಮೀಟರ್ ಆಚೆ ಗೋಡೆಗೆ ಬಾಯಿಟ್ಟವರ ಪಿಸುಮಾತಿಗೆ ಈಚೆ ಗೋಡೆಗೆ ಕಿವಿಯಿಟ್ಟು ಕೂರುತ್ತೇವೆ. ಕೇಳಿಸಿದರೆ ಕುಣಿದಾಡುತ್ತೇವೆ. ಸಾಣೇಹಳ್ಳಿಯ ನಾಟಕೋತ್ಸವಕ್ಕೆ ನವೆಂಬರ್ ಚಳಿಯಲ್ಲಿ ಕಂಬಳಿ ಹೊದ್ದು ಹೋಗಿ, ಬಯಲು ರಂಗಮಂದಿರದ ಕಲ್ಲಿನ ಮೇಲೆ ಕೂತು, ರಂಗದ ಮೇಲಿನವರ ಮನೆ ಜಗಳವನ್ನು ಕಣ್ಣು ಮಿಟುಕಿಸದೆ ಕೇಳುತ್ತೇವೆ. ಅಲ್ಲಿ ಕೇಳಿಸಿಕೊಂಡದ್ದಕ್ಕೆ ಚಪ್ಪಾಳೆ ಹೊಡೆಯಬಹುದು, ಮನೆಯಲ್ಲಿ ಹೊಡೆಯುವ ಹಾಗಿಲ್ಲ, ಅಷ್ಟೇ ವ್ಯತ್ಯಾಸ.

ನಮ್ಮ ಹಿರಿಯರಿಗೆ ಇದರ ಮರ್ಮ ಗೊತ್ತಿತ್ತು. ಒಂದೇ ಪಡಸಾಲೆಯಲ್ಲಿ ಹನ್ನೆರಡು ಜನ ಮಲಗುತ್ತಿದ್ದ ಕಾಲದಲ್ಲಿ ಏಕಾಂತ ಎಲ್ಲಿಂದ ಬಂತು? ಮಾವ ಒಳಗೆ ಬರುವ ಮುಂಚೆ ಕೆಮ್ಮುತ್ತಿದ್ದರು. ಹೊರಗಿನವರು ಅಂಗಳದಲ್ಲೇ ನಿಂತು "ಯಾರವ್ವಾ ಒಳಗೆ?" ಅನ್ನುತ್ತಿದ್ದರು, ಎರಡು ನಿಮಿಷ ಬಿಟ್ಟು ಹೊಸ್ತಿಲು ದಾಟುತ್ತಿದ್ದರು. ಅತ್ತೆಗೆ ಎಲ್ಲವೂ ಕೇಳಿಸುತ್ತಿತ್ತು, ಬೇಕಾದಾಗ ಕಿವಿ ಮಂದ. ಕಿವುಡಾಗುವ ಹೊತ್ತು ಯಾವುದು ಅಂತ ತಿಳಿದಿರುವುದೇ ಒಂದು ಸಂಸಾರ ವಿದ್ಯೆಯಾಗಿತ್ತು.

ಕಿವುಡಾಗಬಾರದ ಹೊತ್ತು ಯಾವುದು ಅನ್ನುವುದೂ ಅದೇ ವಿದ್ಯೆಯ ಭಾಗ. ಹಿಂದೆ ನಾನಿದ್ದ ಬೀದಿಯಲ್ಲಿ ಒಂದು ಮನೆ. ಗಂಡ ಕುಡಿದು ಬಂದ ರಾತ್ರಿ ಏಟಿನ ಸದ್ದು, ಆಮೇಲೆ ಅಳು. ಅಕ್ಕಪಕ್ಕದ ನಾವೆಲ್ಲ ಸಭ್ಯರು; ಟಿವಿ ಜೋರು ಮಾಡುತ್ತಿದ್ದೆವು. ಎದುರು ಮನೆಯಲ್ಲೊಬ್ಬ ಅಜ್ಜಿ ಇದ್ದರು. ಒಂದು ರಾತ್ರಿ ಸ್ಟೀಲ್ ಲೋಟ ಹಿಡಿದುಕೊಂಡು ಹೋಗಿ ಆ ಬಾಗಿಲು ಬಡಿದರು.

"ಒಂಚೂರು ಹೆಪ್ಪು ಕೊಡವ್ವ."

ದೀಪ ಹಚ್ಚಿದ ಮೇಲೆ ನಮ್ಮ ಕಡೆ ಯಾರೂ ಮೊಸರು ಕೊಡುವುದಿಲ್ಲ, ಯಾರೂ ಕೇಳುವುದೂ ಇಲ್ಲ. ಅದು ಬೀದಿಯ ಮಕ್ಕಳಿಗೂ ಗೊತ್ತು. ಬಾಗಿಲು ತೆರೆದ ಗಂಡನಿಗೂ ಗೊತ್ತು. ಅವನು ಏನೋ ಗೊಣಗಿದ.

"ಕೊಡದಿದ್ದರೆ ಬಿಡಪ್ಪ, ಹೊತ್ತು ಮುಳುಗೈತೆ, ನನಗೂ ಗೊತ್ತು. ಕಾಲು ನೋಯ್ತಾವೆ, ಒಂದು ಗಳಿಗೆ ಕುಂತು ಹೋಗ್ತೀನಿ" ಎಂದು ಅಜ್ಜಿ ಹೊಸ್ತಿಲ ಪಕ್ಕದಲ್ಲೇ ಕಾಲು ಚಾಚಿ ಕೂತರು. ಹತ್ತೂವರೆಯಾದರೂ ಏಳಲಿಲ್ಲ. ಆಮೇಲೆ ಒಳಗಿಂದ ಸದ್ದು ಕೇಳಿದಾಗಲೆಲ್ಲ ಅಜ್ಜಿಯ ಮನೆಯಲ್ಲಿ ಹೆಪ್ಪು ಮುಗಿಯುತ್ತಿತ್ತು. ಒಂದೊಂದು ದಿನ ಬೇರೆ ಮನೆಗಳಲ್ಲೂ ಮುಗಿಯತೊಡಗಿತು.

2008ರಲ್ಲಿ 'ಬೆಲ್ ಬಜಾವೋ' ಅಂತ ಟಿವಿಯಲ್ಲಿ ಜಾಹೀರಾತು ಬರುತ್ತಿತ್ತು, ನೆನಪಿದೆಯೇ? ಪಕ್ಕದ ಮನೆಯಲ್ಲಿ ಹೊಡೆತದ ಸದ್ದು ಕೇಳಿದವನು ಹೋಗಿ ಬೆಲ್ ಒತ್ತಿ, ಹಾಲು ಕೇಳುವ ನೆಪ ಮಾಡಿ ನಿಲ್ಲುವುದು. ಅದನ್ನು ನೋಡಿ ಅಜ್ಜಿ "ಇದೇನು ಮಹಾ" ಅಂದರು. ಕಾನೂನಿನ ಪ್ರಕಾರವೂ ಅಜ್ಜಿ ಸರಿ. 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆಯಲ್ಲಿ ಸಂಬಂಧವೇ ಇಲ್ಲದ ಹೊರಗಿನವರು ಕೂಡ ಅಧಿಕಾರಿಗೆ ತಿಳಿಸಬಹುದು, ಒಳ್ಳೆಯ ಉದ್ದೇಶದಿಂದ ತಿಳಿಸಿದವರ ಮೇಲೆ ಕೇಸು ಬರುವುದಿಲ್ಲ. ಹೋಗಿ ಬಾಗಿಲು ಬಡಿಯುವ ಧೈರ್ಯವಿಲ್ಲದವರಿಗೆ 112 ಇದೆ, ಮಹಿಳೆಯರಿಗೆಂದೇ 181 ಇದೆ. "ಅವರ ಮನೆ ವಿಷಯ ನಮಗ್ಯಾಕೆ" ಅನ್ನುವ ಮಾತು ಕಾರು ಕೇಳಿದ ಬೀಗರ ಮಟ್ಟಿಗೂ ಅಷ್ಟಾಗಿ ಸರಿಯಲ್ಲ. ಇಂಥ ಅಳುವಿನ ಮಟ್ಟಿಗೆ ಖಂಡಿತ ಅಲ್ಲ.

ಉಳಿದದ್ದಕ್ಕೆಲ್ಲ ಕಿವುಡೇ ಮದ್ದು. ಆದರೂ ಮನೆ ಕಟ್ಟಿಸುವವರು ಯಾರಾದರೂ ಇದನ್ನು ಓದುತ್ತಿದ್ದರೆ ಒಂದು ಬಿನ್ನಹ: ಎರಡು ಸಂಸಾರದ ನಡುವಿನ ಗೋಡೆಯನ್ನಾದರೂ ಒಂಬತ್ತಿಂಚು ಹಾಕಿಸಿ, ಇಬ್ಬರ ಬಚ್ಚಲು ಕಿಂಡಿಯನ್ನೂ ಒಂದೇ ಡಕ್ಟಿಗೆ ಎದುರುಬದುರು ಬಿಡಬೇಡಿ. ಬಾಡಿಗೆ ಮನೆ ಹುಡುಕುವವರು ಹನ್ನೊಂದು ಗಂಟೆಗೆ ಬ್ರೋಕರ್ ಜೊತೆ ಹೋಗಿ ನಲ್ಲಿ ತಿರುಗಿಸಿ ನೋಡಿ ಬಂದರೆ ಸಾಲದು. ರಾತ್ರಿ ಎಂಟೂವರೆಗೆ ಹೋಗಿ, ಫ್ಯಾನ್ ಆರಿಸಿ, ನಡುಮನೆಯಲ್ಲಿ ಐದು ನಿಮಿಷ ಸುಮ್ಮನೆ ನಿಂತುಕೊಳ್ಳಿ. ಅಡ್ವಾನ್ಸ್ ಕೊಡಬೇಕೋ ಬೇಡವೋ ಅಂತ ಮನೆಯೇ ಹೇಳುತ್ತದೆ. ಮಹಡಿಯ ಮೇಲಿರುವವರು ಕುರ್ಚಿ-ಮಂಚದ ಕಾಲಿಗೆ ರಬ್ಬರ್ ಬುಷ್ ಹಾಕಿಸಿ, ಗ್ರೈಂಡರಿನ ಕೆಳಗೆ ಹಳೇ ಗೋಣಿಚೀಲವನ್ನಾದರೂ ಮಡಿಸಿ ಇಡಿ. ಬುಷ್ಷು ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುತ್ತದೆ, ದುಬಾರಿಯೇನಲ್ಲ. ನಮ್ಮ ಮೇಲಿನ ಮನೆಯವರು ನಿಮಗೆ ಪರಿಚಯವಿದ್ದರೆ ಅವರಿಗೂ ಈ ಮಾತು ತಿಳಿಸಿ. ನಾನು ಹೇಳಿದೆ ಅಂತ ಮಾತ್ರ ಹೇಳಬೇಡಿ. ಹೇಳುವುದಿದ್ದರೂ ಮೆಲ್ಲಗೆ.